ಧರೆ ಕುಸಿದ ತೋಟಕ್ಕೆ ಪರಿಹಾರ ಯಾರಿಗೆ? ಪಹಣಿಯಲ್ಲಿ ಹೆಸರಿಲ್ಲದ ಹೆಂಗಸರ ಬಗ್ಗೆ

ಗುಡ್ಡೆತೋಟ (ಹೊಸನಗರ ತಾಲೂಕು)

ಎಲ್ಲರಿಗೂ ನಮಸ್ಕಾರ. ವಿಷಯ ನಮ್ಮ ಮನೇದೇ. ಗೊತ್ತಿದ್ದವರು ದಯವಿಟ್ಟು ದಾರಿ ಹೇಳಿ.

ಅಪ್ಪ ತೀರಿಕೊಂಡು ಬಹಳ ವರ್ಷ ಆಯ್ತು, ಅವರ ಹಿಂದೆ ಚಿಕ್ಕಣ್ಣನೂ ಹೋದ. ಪಹಣಿ ಮಾತ್ರ ಇವತ್ತಿಗೂ ಅಪ್ಪನ ಹೆಸರಲ್ಲೇ ಇದೆ. ಬಾಯಿಮಾತಿನ ಹಿಸ್ಸೆಯಲ್ಲಿ ಮೇಲಿನ ಅಡಿಕೆ ತೋಟ ದೊಡ್ಡಣ್ಣನಿಗೆ, ಕೆಳಗಿನದು ಚಿಕ್ಕಣ್ಣನಿಗೆ. ಚಿಕ್ಕಣ್ಣ ಹೋದ ಮೇಲೆ ಕೆಳಗಿನ ತೋಟವನ್ನ ಅತ್ತಿಗೆ ಒಬ್ಬಳೇ ನಡೆಸಿಕೊಂಡು ಬರ್ತಿದಾಳೆ. ಸೊಪ್ಪು, ಗೊಬ್ಬರ, ಔಷಧಿ ಹೊಡೆಸೋದು, ಕೊನೆ (ಅಡಿಕೆ ಗೊನೆ) ತೆಗೆಸೋದು, ಸುಲಿಸೋದು, ಬೇಯಿಸೋದು ಎಲ್ಲಾ ಅವಳದ್ದೇ.

ಈ ಸಲದ ಮಳೆಗೆ ಧರೆ (ಗುಡ್ಡದ ಬದಿಯ ಮಣ್ಣಿನ ಗೋಡೆ) ಕುಸಿದು ಕೆಳಗಿನ ತೋಟದ ಒಂದು ಮೂಲೆ ಪೂರಾ ಮಣ್ಣಡಿ ಹೋಯ್ತು. ಫಸಲು ಕೊಡ್ತಿದ್ದ ಮರಗಳು ಅವು. ಉಳಿದದ್ದಕ್ಕೆ ಎಲೆಚುಕ್ಕೆ ರೋಗ. ಅಳತೆಗೆ ಬಂದವರು ಫೋಟೋ ತೆಗೆದುಕೊಂಡು ಹೋದ್ರು. ಆಮೇಲೆ ಬಂದ ಉತ್ತರ: ಖಾತೆದಾರರು ಜೀವಂತ ಇಲ್ಲ, ಫ್ರೂಟ್ಸ್ ಐಡಿ (ಸರ್ಕಾರದ ರೈತರ ನೋಂದಣಿ ಸಂಖ್ಯೆ) ಇಲ್ಲ, ಹಣ ಹಾಕೋಕೆ ಬರಲ್ಲ. ಬೆಳೆವಿಮೆಯನ್ನೂ ಅದೇ ಕಾರಣಕ್ಕೆ ಕಟ್ಟಿಸಿಕೊಂಡಿರಲಿಲ್ಲ.

ದೊಡ್ಡಣ್ಣ ಹೇಳೋದು, ಎಲ್ಲಾ ನನ್ನ ಹೆಸರಿಗೆ ಮಾಡ್ಸೋಣ, ನೀನೂ ಅವಳೂ ಸೈನ್ ಹಾಕಿ, ಬಂದ ದುಡ್ಡು ಅವಳಿಗೇ ಕೊಡ್ತೀನಿ ಅಂತ. ಅಣ್ಣ ಕೆಟ್ಟವನಲ್ಲ, ಕೊಟ್ಟೇ ಕೊಡ್ತಾನೆ. ಆದ್ರೆ ಮುಂದಿನ ವರ್ಷ? ಅವನ ಮಕ್ಕಳ ಕಾಲಕ್ಕೆ?

ಅತ್ತಿಗೆ ಹೆಸರು ಪಹಣಿಗೆ ಬರೋಕೆ ಏನು ಮಾಡಬೇಕು? ಇನ್ನೊಂದು, ಮಳೆ ಹಿಂಗೆ ದಿಕ್ಕುತಪ್ಪಿರೋ ಕಾಲದಲ್ಲಿ ಪರಿಹಾರ, ವಿಮೆ, ಸಾಲ ಎಲ್ಲಾ ಹೋಗೋದು ಕಾಗದದಲ್ಲಿ ಹೆಸರಿದ್ದವರಿಗೆ. ಗೇಯೋದು ಹೆಂಗಸರು. ನಿಮ್ಮೂರಲ್ಲೂ ಹಿಂಗೇನಾ?

ಮೆಣಸಿನಬಳ್ಳಿ (ತೀರ್ಥಹಳ್ಳಿ)

ನಮ್ಮೂರಲ್ಲೂ ಇದೇ ಕಥೆ ಮಾರಾಯ್ರೆ. ನಮ್ಮ ಕೇರಿಯಲ್ಲೇ ಅಜ್ಜನ ಹೆಸರಲ್ಲಿ ಪಹಣಿ ಇರೋ ಮನೆ ಎಷ್ಟೋ ಇದಾವೆ. ಮೊದಲು ಪೌತಿ ಖಾತೆ ಮಾಡ್ಸಿ, ಅಂದ್ರೆ ತೀರಿಕೊಂಡವರ ಖಾತೆಯನ್ನ ವಾರಸುದಾರರ ಹೆಸರಿಗೆ ಮಾಡ್ಸೋದು. ಅದಿಲ್ಲದೆ ಬೇರೆ ಯಾವ ಕೆಲಸವೂ ಮುಂದೆ ಹೋಗಲ್ಲ.

ಸಾಗರದ ವಕೀಲೆ

ಗುಡ್ಡೆತೋಟ ಅವರೇ, ಯಾವ ಕಾಗದಕ್ಕೂ ಸೈನ್ ಹಾಕೋಕೆ ಮೊದಲು ಇದನ್ನ ಓದಿ.

ನೀವು ಬರೆದ ಪ್ರಕಾರ ತಂದೆ ಹೋದಾಗ ಚಿಕ್ಕಣ್ಣ ಬದುಕಿದ್ರು. ಅಂದಮೇಲೆ ಅವರ ಪಾಲು ಅವರದ್ದೇ. ಅವರು ಹೋದ ಮೇಲೆ ಆ ಪಾಲು ಅವರ ಹೆಂಡತಿ, ಮಕ್ಕಳು, ತಾಯಿ ಇದ್ರೆ ತಾಯಿಗೆ ಬರುತ್ತೆ. ಒಂದು ವೇಳೆ ಮಗ ಮೊದಲು, ತಂದೆ ಆಮೇಲೆ ಹೋಗಿದ್ರೂ ಮಗನ ವಿಧವೆ ಮೊದಲ ದರ್ಜೆಯ ವಾರಸುದಾರಳೇ. ಅತ್ತಿಗೆಗೆ ಯಾರೂ ದಾನ ಮಾಡ್ತಿಲ್ಲ, ಅದು ಅವರ ಹಕ್ಕು.

ನೀವೂ ಪಾಲುದಾರರೇ, ಅದನ್ನ ಮರೀಬೇಡಿ. ನಮ್ಮ ರಾಜ್ಯ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತ್ತು, ಆದ್ರೆ ಅಷ್ಟರೊಳಗೆ ಮದುವೆ ಆದವರನ್ನ ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೀತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇದು ಹುಟ್ಟಿನಿಂದ ಬರೋ ಹಕ್ಕು, 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತಿಲ್ಲ ಅಂತ ಹೇಳ್ತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿ ಆದ ಪಾಲುಪತ್ರ ಇದ್ರೆ ಅದನ್ನ ಮುಟ್ಟೋಕಾಗಲ್ಲ. ಬಾಯಿಮಾತಿನ ಹಿಸ್ಸೆಯನ್ನ ಕೋರ್ಟು ಅಷ್ಟು ಸುಲಭಕ್ಕೆ ಒಪ್ಪಲ್ಲ.

ಮಾಡಬೇಕಾದ್ದು: ಇಬ್ಬರದ್ದೂ ಮರಣ ಪತ್ರ, ವಂಶವೃಕ್ಷ ಮಾಡಿಸಿಕೊಂಡು ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನ ಬಿಟ್ಟು ಬರೆಸೋದು ನಮ್ಮಲ್ಲಿ ಮಾಮೂಲಾಗಿದೆ, ನಿಮ್ಮ ಹೆಸರೂ ಅತ್ತಿಗೆ ಹೆಸರೂ ಇದೆಯಾ ಅಂತ ಕಣ್ಣಾರೆ ನೋಡಿ. ಮೊದಲು ಎಲ್ಲರ ಹೆಸರಿಗೆ ಜಂಟಿ ಖಾತೆ ಆಗುತ್ತೆ. ಆಮೇಲೆ ಸರ್ವೆ ಆಗಿ, ನಕ್ಷೆ ಬಂದು, ಪಾಲುಪತ್ರ ನೋಂದಣಿ ಆದ್ರೆ ಕೆಳಗಿನ ತೋಟಕ್ಕೆ ಅತ್ತಿಗೆ ಹೆಸರಲ್ಲಿ ಬೇರೆ ಪಹಣಿ. ಫ್ರೂಟ್ಸ್ ಐಡಿ ಅದರ ಮೇಲೆ. ವಕೀಲರ ಖರ್ಚಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯದ ಮಿತಿ ನೋಡದೆ ಉಚಿತ ಕಾನೂನು ನೆರವು ಸಿಗುತ್ತೆ, 1987ರ ಕಾಯ್ದೆಯಲ್ಲೇ ಇದೆ. ತಾಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತೆ.

ಕೊಪ್ಪದ ಕೃಷಿಕ

ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎಲೆಚುಕ್ಕೆ ಗಂಡಸಿನ ತೋಟ, ಹೆಂಗಸಿನ ತೋಟ ಅಂತ ನೋಡಿ ಬರಲ್ಲ. ಕೊಳೆರೋಗವೂ ಅಷ್ಟೇ. ಇಡೀ ಅಡಿಕೆ ಸೀಮೆ ಮುಳುಗ್ತಿರುವಾಗ ಹೆಣ್ಣು ಗಂಡು ಅಂತ ಬೇರೆ ಮಾಡಿದ್ರೆ ನಮ್ಮ ಕೂಗಿಗೆ ಬಲ ಇರಲ್ಲ. ಜಂಟಿ ಖಾತೆ ಅಂದ್ರೆ ಏನು ಅಂತ ಅನುಭವಿಸಿದವರಿಗೆ ಗೊತ್ತು. ಸೊಸೈಟಿ ಸಾಲ ಬೇಕಂದ್ರೆ ಎಲ್ಲರ ಒಪ್ಪಿಗೆ, ವಿಮೆಗೆ ಎಲ್ಲರ ಒಪ್ಪಿಗೆ. ಒಬ್ಬ ತಂಗಿ ಪುಣೆಯಲ್ಲಿ, ಇನ್ನೊಬ್ಬಳು ದುಬೈಯಲ್ಲಿ. ತೋಟ ಮಾಡೋನು ಓಡಾಡಿ ಸಾಯಬೇಕು.

ಜತೆಗೆ ಮಳೆ ಮೊದಲಿಂದಲೂ ಹೆಚ್ಚು ಕಡಿಮೆ ಇದ್ದದ್ದೇ. ಎಲ್ಲದಕ್ಕೂ ಹವಾಮಾನ ಬದಲಾವಣೆ ಅನ್ನೋದನ್ನ ನಾನು ಒಪ್ಪಲ್ಲ.

ಮಳೆಲೆಕ್ಕ (ಹುಲಿಕಲ್ ಹತ್ತಿರ)

ಕೊಪ್ಪದ ಅಣ್ಣಾ, ಮಳೆ ವಿಚಾರಕ್ಕೆ ಮಾತ್ರ ನಾನು ಉತ್ತರ ಕೊಡ್ತೀನಿ. ನಮ್ಮ ಮನೇಲಿ ಅಮ್ಮ ಮಳೆ ಬರೆದಿಡ್ತಾರೆ. ಅಂಗಳದಲ್ಲಿ ಮಾಪಕ ಇದೆ, ಬೆಳಿಗ್ಗೆ ಹಾಲು ಕರೆದು ಬಂದವರು ಅದನ್ನ ನೋಡಿ ಅಡುಗೆಮನೆ ಕ್ಯಾಲೆಂಡರಿನ ಆಯಾ ತಾರೀಖಿನ ಚೌಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕ್ತಾರೆ. ಹಳೇ ಕ್ಯಾಲೆಂಡರುಗಳನ್ನ ದಾರದಲ್ಲಿ ಹೊಲಿದು ಇಟ್ಟಿದಾರೆ. ತಿರುವಿ ಹಾಕಿದ್ರೆ ಕಾಣೋದು ಇಷ್ಟು: ಒಟ್ಟು ಮಳೆಯಲ್ಲಿ ಅಂಥ ವ್ಯತ್ಯಾಸ ಇಲ್ಲದ ವರ್ಷಗಳಲ್ಲೂ ಮಳೆ ಬೀಳೋ ರೀತಿ ಬದಲಾಗಿದೆ. ಆರಿದ್ರಾ, ಪುನರ್ವಸುವಿನಲ್ಲಿ ದಿನಾ ಒಂದೇ ಹದಕ್ಕೆ ಸುರೀತಿದ್ದದ್ದು ಈಗ ವಾರಗಟ್ಟಲೆ ಬಿಸಿಲು, ಆಮೇಲೆ ಎರಡು ದಿನಕ್ಕೆ ತಿಂಗಳ ಮಳೆ. ಧರೆ ಕುಸಿಯೋದು ಆ ಎರಡು ದಿನದಲ್ಲೇ.

ನಮ್ಮ ಮನೆ ಲೆಕ್ಕ ಬೇಡ ಅಂದ್ರೆ ದೇಶದ ಲೆಕ್ಕ ತಗೊಳ್ಳಿ. 2023ರ ಆಗಸ್ಟು 1901ರಿಂದೀಚೆಗೆ ದೇಶದ ಅತಿ ಒಣ ಆಗಸ್ಟು. ಆ ವರ್ಷ ರಾಜ್ಯದ 236 ತಾಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆದವು, ಮಲೆನಾಡಿನವೂ ಸೇರಿ. ಮರುವರ್ಷ ಜುಲೈನಲ್ಲಿ ಉತ್ತರ ಕನ್ನಡದ ಶಿರೂರಿನ ಗುಡ್ಡ ಹೆದ್ದಾರಿ ಮೇಲೆ ಬಂತು. ಹೆಚ್ಚುಕಡಿಮೆ ಮೊದಲೂ ಇತ್ತು, ನಿಜ. ಇಷ್ಟು ಬೇಗ ಬೇಗ ಇರಲಿಲ್ಲ.

ಕೊಪ್ಪದ ಕೃಷಿಕ

ಅಮ್ಮನ ಕ್ಯಾಲೆಂಡರಿನ ಫೋಟೋ ಹಾಕಿ ಸಾರ್. ನಿಜವಾಗಿ ಕೇಳ್ತಿದೀನಿ. ವಿಮೆಯವರು ಪಂಚಾಯ್ತಿ ಮಾಪಕದ ಲೆಕ್ಕ ಹಿಡಿದು ಕೂತಾಗ ಇಂಥದ್ದು ಬೇಕಾಗುತ್ತೆ.

ಮಳೆಲೆಕ್ಕ

ಅಮ್ಮನ್ನ ಕೇಳಿ ಹಾಕ್ತೀನಿ. ಆದ್ರೆ ವಿಮೆ ತೀರ್ಮಾನ ಆಗೋದು ಪಂಚಾಯ್ತಿಯ ಮಳೆಮಾಪನ ಕೇಂದ್ರದ ಅಂಕಿ ಮೇಲೇ. ಗುಡ್ಡದ ಈಚೆ ಕಡೆ ಸುರಿದದ್ದು ಆಚೆ ಕಡೆ ಬಿದ್ದಿರಲ್ಲ. ಮಾಪಕ ಆಚೆ ಇದ್ರೆ ನಿಮ್ಮ ಕಥೆ ಮುಗೀತು. ಇನ್ನೊಂದು ಗೊತ್ತಿರಲಿ, ಅಡಿಕೆ ಮೆಣಸಿಗೆ ಇರೋದು ಹವಾಮಾನ ಆಧಾರಿತ ವಿಮೆ. ರೈತರ ವಂತಿಗೆ ವಿಮಾ ಮೊತ್ತದ ಶೇ 5. ಮಳೆ, ಆರ್ದ್ರತೆಯ ಅಂಕಿ ನೋಡಿ ಕೊಡ್ತಾರೆ ಹೊರತು ಎಷ್ಟು ಮರಕ್ಕೆ ಎಲೆಚುಕ್ಕೆ ಬಂತು ಅಂತ ತೋಟಕ್ಕೆ ಬಂದು ಎಣಿಸಲ್ಲ.

ಸುಲಿಯೋರ ಮನೆ

ಎಲ್ಲರೂ ತೋಟ ಇದ್ದವರ ಮಾತೇ ಆಡ್ತಿದೀರಿ. ನಾನು ತೋಟ ಇಲ್ಲದವಳು. ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯೋಳು.

ನಮಗೆ ಕೂಲಿ ತೂಕದ ಲೆಕ್ಕ. ಹಸಿ ಅಡಿಕೆ ಸುಲಿದಷ್ಟಕ್ಕೆ ದುಡ್ಡು. ಕೊಳೆ ಬಂದು ಅರ್ಧ ಫಸಲು ಉದುರಿ ಹೋದ ವರ್ಷ ಸುಗ್ಗಿ ಅರ್ಧಕ್ಕೇ ಮುಗಿದು ಹೋಗುತ್ತೆ. ತೋಟದವರಿಗೆ ವಿಮೆ ಬಂತು, ಬರಲಿಲ್ಲ ಅಂತ ಜಗಳ ಆದ್ರೂ ಇದೆ. ಸುಲಿಯೋರ ನಷ್ಟ ಬರೆಯೋಕೆ ಯಾವ ಅರ್ಜಿಯಲ್ಲೂ ಜಾಗವೇ ಇಲ್ಲ. ದೀಪಾವಳಿ ಕಳೆದ ಮೇಲೂ ಮಳೆ ಹೊಯ್ದ್ರೆ ಅಂಗಳದಲ್ಲಿ ಒಣಗಿಸೋಕೆ ಆಗಲ್ಲ, ಕೊನೆ ತೆಗೆಯೋದು ಮುಂದೆ ಹೋಗುತ್ತೆ, ನಾವು ಕಾಯ್ತಾ ಕೂರ್ತೀವಿ. ಆಮೇಲೆ ಒಮ್ಮೆಲೇ ಎಲ್ಲರ ಮನೇಲೂ ಕರೀತಾರೆ, ರಾತ್ರಿ ಹನ್ನೊಂದು ಹನ್ನೆರಡರ ತನಕ ಸುಲಿಸ್ತಾರೆ. ಬೆರಳ ಸಂದು ಅಡಿಕೆಯ ಚೊಗರು ರಸಕ್ಕೆ ಬಿರಿದು ಅನ್ನ ಕಲಸಿದ್ರೆ ಉರಿಯುತ್ತೆ.

ಕೊಪ್ಪದವರು ಹೆಣ್ಣು ಗಂಡು ಬೇರೆ ಮಾಡಬೇಡಿ ಅಂದ್ರು. ನಾವು ಮಾಡಿಲ್ಲ ಸ್ವಾಮಿ, ಮಾಡಿದ್ದು ಕೂಲಿ. ಅದೇ ತೋಟದಲ್ಲಿ ಅದೇ ಹೊತ್ತು ಗೊಬ್ಬರ ಹೊತ್ತರೆ ಗಂಡಾಳಿಗೊಂದು ಲೆಕ್ಕ, ಹೆಣ್ಣಾಳಿಗೊಂದು ಲೆಕ್ಕ.

ಬೆಂಗಳೂರಲ್ಲಿರೋ ಮಲೆನಾಡಿಗ

ಅಕ್ಕಾ, ಸಮಾನ ಕೆಲಸಕ್ಕೆ ಸಮಾನ ಕೂಲಿ ಅನ್ನೋ ಕಾನೂನು 1976ರಲ್ಲೇ ಬಂದಿತ್ತು. ಉದ್ಯೋಗ ಖಾತರಿಯಲ್ಲಿ ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ, 2025-26ಕ್ಕೆ ನಮ್ಮ ರಾಜ್ಯದಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಸರ್ಕಾರದ ಕೆಲಸದಲ್ಲಿ ಆಗೋದು ತೋಟದಲ್ಲಿ ಯಾಕಾಗಲ್ಲ?

ಕೊಪ್ಪದ ಕೃಷಿಕ

ತೋಟದಲ್ಲಿ ಮರ ಹತ್ತೋ ಕೊನೆಗಾರನಿಗೂ ಕೆಳಗೆ ಹೆಕ್ಕೋರಿಗೂ ಒಂದೇ ಕೂಲಿ ಕೊಡಿ ಅಂದ್ರೆ ಹೇಗೆ? ಮರ ಹತ್ತೋನು ಜೀವ ಪಣಕ್ಕಿಟ್ಟಿರ್ತಾನೆ.

ಸುಲಿಯೋರ ಮನೆ

ಕೊನೆಗಾರನ ಕೂಲಿ ನಾನು ಕೇಳಿಲ್ಲ. ಗೊಬ್ಬರ ಹೊರೋ ಮಾತು ಹೇಳಿದೆ. ಅದಕ್ಕೆ ಉತ್ತರ ಕೊಡಿ.

ಮೆಣಸಿನಬಳ್ಳಿ

ಅಕ್ಕ ಹೇಳಿದ್ದು ಸರಿ. ನಮ್ಮ ತೋಟದಲ್ಲೂ ಗೊಬ್ಬರಕ್ಕೆ ಎರಡು ಕೂಲಿ ನಡೀತಿತ್ತು, ಅಮ್ಮ ಹಟ ಹಿಡಿದು ಒಂದೇ ಮಾಡಿದ್ರು. ಅಕ್ಕಪಕ್ಕದವರು ಸಿಟ್ಟಾದ್ರು. ಈಗ ಆಳಿಗೆ ಪರದಾಡೋ ಕಾಲದಲ್ಲಿ ನಮ್ಮ ತೋಟಕ್ಕೆ ಜನ ಬರ್ತಾರೆ.

ಔಷಧಿ ವಿಷಯ ಯಾರೂ ಎತ್ತಲಿಲ್ಲ. ಕೊಳೆಗೆ ಹೊಡೆಯೋ ಬೋರ್ಡೋ ದ್ರಾವಣ ಅಂದ್ರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮರದ ಮೇಲೆ ಹೊಡೆಯೋನು ಗಂಡಸು, ಕೆಳಗೆ ನೀರು ಹೊತ್ತು, ಸುಣ್ಣ ಸೋಸಿ, ದ್ರಾವಣ ಕದಡೋರು ಬಹುಪಾಲು ಹೆಂಗಸರು. ಮಳೆ ಬಿಟ್ಟು ಬಿಟ್ಟು ಬಂದ್ರೆ ಹೊಡೆದದ್ದು ತೊಳೆದು ಹೋಗುತ್ತೆ, ಮತ್ತೆ ಹೊಡೀಬೇಕು. ಎರಡು ಸಲ ಹೊಡೀತಿದ್ದದ್ದು ಮೂರು ನಾಲ್ಕಕ್ಕೆ ಬಂದಿದೆ. ಬರಿಗೈಯಲ್ಲಿ ಮೈಲುತುತ್ತ ಕಲಸೋರಿಗೆ ಒಂದು ಜೊತೆ ಕೈಗವಸು ಕೊಡಿಸೋಕೆ ನಮಗೆ ಆಗಿಲ್ಲ ಅಂದ್ರೆ ನಾಚಿಕೆಗೇಡು.

ಆಶಾ ಅಕ್ಕ (ಸೊರಬ)

ನಾನು ಕಾಯಿಲೆ ಕಡೆಯಿಂದ ಹೇಳ್ತೀನಿ. ಮಂಗನಕಾಯಿಲೆ ಮೊದಲು ಕಂಡದ್ದು ನಮ್ಮ ತಾಲೂಕಿನ ಕ್ಯಾಸನೂರು ಕಾಡಲ್ಲಿ, 1957ರಲ್ಲಿ. ಉಣುಗು (ಉಣ್ಣೆ ಹುಳ) ಕಚ್ಚಿ ಬರೋದು. ಡಿಸೆಂಬರಿಂದ ಮೇ ತನಕ ಅದರ ಕಾಲ. ಸರಿಯಾಗಿ ಅದೇ ಕಾಲಕ್ಕೆ ಕೊಟ್ಟಿಗೆಗೆ ದರಗು (ಒಣಗಿ ಉದುರಿದ ಎಲೆ) ಗುಡಿಸಿ ತರೋಕೆ, ಸೌದೆಗೆ ಕಾಡಿಗೆ ಹೋಗೋರು ಯಾರು? ನಾವೇ. ದರಗಿನ ಕಲ್ಲಿ ತಲೆ ಮೇಲೆ ಹೊತ್ತು ಬಂದ್ರೆ ಕುತ್ತಿಗೆ ಸುತ್ತ, ಸೊಂಟದ ನೆರಿಗೆ ಸುತ್ತ ಉಣುಗು. ಎಳೇವು ಸಾಸಿವೆಗಿಂತ ಚಿಕ್ಕದಿರ್ತವೆ, ಕಾಣೋದೇ ಇಲ್ಲ.

2018-19ರಲ್ಲಿ ಸಾಗರದ ಅರಳಗೋಡಲ್ಲಿ ಎಷ್ಟು ಜನ ಹೋದ್ರು ಅಂತ ಎಲ್ಲರಿಗೂ ನೆನಪಿದೆ. ಹಳೇ ಲಸಿಕೆ ಪ್ರಯೋಜನ ಕಡಿಮೆ ಅಂತ ನಿಂತಿತು, ಹೊಸದಕ್ಕೆ ಕೆಲಸ ನಡೀತಿದೆ. ಸದ್ಯಕ್ಕೆ ಉಣುಗು ಹತ್ತದ ಹಾಗೆ ಹಚ್ಚೋ ಡೆಪಾ ಎಣ್ಣೆ. ಕೈಕಾಲಿಗೆ ಹಚ್ಚಿ ಹೋಗಿ, ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆ ಕುದಿಸೋದು. ಮಂಗ ಸತ್ತದ್ದು ಕಂಡ್ರೆ ಮುಟ್ಟದೆ ತಿಳಿಸಿ.

ಕಾಡಿಗೆ ಹೋಗಬೇಡಿ ಅಂತ ಮೈಕಿನಲ್ಲಿ ಕೂಗ್ತಾರೆ. ಹೋಗದೆ ಇದ್ರೆ ಕೊಟ್ಟಿಗೆಗೆ ಏನು ಹಾಸೋದು, ತೋಟಕ್ಕೆ ಗೊಬ್ಬರ ಎಲ್ಲಿಂದ? ಅದಕ್ಕೆ ಪರ್ಯಾಯ ಹೇಳದೆ ಹೋಗಬೇಡಿ ಅಂದ್ರೆ ಜನ ಕದ್ದು ಹೋಗ್ತಾರೆ, ಎಣ್ಣೆ ಕೇಳೋಕೂ ಬರಲ್ಲ.

ಮಳೆಲೆಕ್ಕ

ದರಗಿಗೆ ದೂರ ಹೋಗೋ ಹಾಗಾದ್ದಕ್ಕೂ ಕಾರಣ ಇದೆ. ಊರ ಹತ್ತಿರದ ಕಾನು (ದಟ್ಟ ಕಾಡು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರೋ ಕಾಡು) ಹಾಳಾಗಿ ಅಕೇಶಿಯಾ ಬಂತು. ಭದ್ರಾವತಿಯ ಕಾಗದದ ಕಾರ್ಖಾನೆಗೆ ಅಂತ 1980ರ ಸುಮಾರಿಗೆ 40 ವರ್ಷದ ಗುತ್ತಿಗೆಗೆ ಕೊಟ್ಟ 20 ಸಾವಿರ ಹೆಕ್ಟೇರು ಕಾಡು. ಅಕೇಶಿಯಾ ಎಲೆ ಬೇಗ ಕೊಳೆಯಲ್ಲ, ದನ ಮುಟ್ಟಲ್ಲ, ಅಡಿಯಲ್ಲಿ ಬೇರೆ ಗಿಡ ಬರಲ್ಲ. ಮುರುಗಲು, ಉಪ್ಪಾಗೆ, ವಾಟೆ, ಕಳಲೆ, ಅಣಬೆ ಯಾವುದೂ ಇಲ್ಲ. ಇವೆಲ್ಲ ಹೆಂಗಸರು ಆರಿಸಿ ತಂದು ಅಡುಗೆಗೂ ಸಂತೆ ಖರ್ಚಿಗೂ ಮಾಡಿಕೊಳ್ತಿದ್ದದ್ದು. ಗುತ್ತಿಗೆ 2020ಕ್ಕೆ ಮುಗೀತು, ಕಾಡು ಊರಿಗೆ ವಾಪಸ್ ಬರಲಿ ಅಂತ ಜನ ಬೀದಿಗಿಳಿದ್ರು, ಸರ್ಕಾರ ಮತ್ತೆ 40 ವರ್ಷಕ್ಕೆ ಮುಂದುವರಿಸಿ ಆದೇಶ ಮಾಡ್ತು.

ಬೆಂಗಳೂರಲ್ಲಿರೋ ಮಲೆನಾಡಿಗ

ಅಪ್ಪಿಕೋ ಚಳವಳಿ ಶುರುವಾದ ನೆಲ ನಮ್ಮದು. ಸಾಗರದ ಹೆಂಗಸರು ಮರ ತಬ್ಬಿ ನಿಂತವರು. ಅಂಥ ಊರಲ್ಲಿ ಹಿಂಗಾಯ್ತಲ್ಲ.

ಸಾಗರದ ವಕೀಲೆ

ಸಾಗರ ಅಲ್ಲ ಸರ್, ಶಿರಸಿ ತಾಲೂಕಿನ ಸಾಲ್ಕಣಿ. 1983ರ ಸೆಪ್ಟೆಂಬರ್ 8. ಆಮೇಲೆ ನಮ್ಮ ಕಡೆಗೂ ಹಬ್ಬಿತು. ಗಂಡಸರು ಹೆಂಗಸರು ಎಲ್ಲರೂ ಇದ್ರು. ಆದ್ರೆ ಸೊಪ್ಪು ಸೌದೆ ನೀರಿನ ಕಷ್ಟ ದಿನಾ ಉಣ್ಣೋರು ಹೆಂಗಸರಾದ್ದರಿಂದ ಅವರು ಮುಂದೆ ನಿಂತದ್ದು ಸಹಜ.

ಮುಳುಗಡೆ ಮೊಮ್ಮಗ

ಕಾಡು, ಹಕ್ಕು ಅಂತ ಬಂದ ಮೇಲೆ ನಮ್ಮ ಮಾತೂ ಕೇಳಿ. ಲಿಂಗನಮಕ್ಕಿ ಕಟ್ಟಿ 1964ರಲ್ಲಿ ನೀರು ನಿಲ್ಲಿಸಿದ್ರು. ಅಜ್ಜಿ ಗದ್ದೆ ಮನೆ ಎಲ್ಲಾ ಬಿಟ್ಟು ಲಾರಿ ಹತ್ತಿ ಬಂದವಳು. ತಂದು ಬಿಟ್ಟದ್ದು ಕಾಡಲ್ಲಿ. ಗದ್ದೆಯ ಪರಿಹಾರ ಅಂತ ಬಂದ ಪುಡಿಗಾಸು ಅಜ್ಜನ ಕೈಗೆ ಹೋಯ್ತು. ಅಜ್ಜಿ ಕೈಗೆ ಏನೂ ಬರಲಿಲ್ಲ. ಕಾಡು ಕಡಿದು ಗದ್ದೆ ಮಾಡಿದ್ರು, ಇವತ್ತಿಗೂ ಆ ಜಮೀನಿಗೆ ಸರಿಯಾದ ಹಕ್ಕುಪತ್ರ ಇಲ್ಲ. ಅರಣ್ಯ ಹಕ್ಕಿಗೆ ಅರ್ಜಿ ಹಾಕಿದ್ರೆ 75 ವರ್ಷದ ಸಾಕ್ಷಿ ಕೊಡಿ ಅಂತಾರೆ. ಸರ್ಕಾರವೇ 60ರ ದಶಕದಲ್ಲಿ ತಂದು ಬಿಟ್ಟವರು 75 ವರ್ಷದ ಸಾಕ್ಷಿ ಎಲ್ಲಿಂದ ತರೋದು?

ನಮ್ಮ ಅಜ್ಜಿಯಂಥವರ ಮುಳುಗಡೆಯಿಂದ ಊರೆಲ್ಲಾ ಬೆಳಕಾಯ್ತು. ಈಗ ಅದೇ ಶರಾವತಿ ಕಣಿವೆಯಲ್ಲಿ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ (ನೀರನ್ನ ಮೇಲಕ್ಕೆತ್ತಿ ಮತ್ತೆ ಇಳಿಸಿ ವಿದ್ಯುತ್ ಮಾಡೋದು) ಅಂತ ಹೊರಟಿದಾರೆ. ತಳಕಳಲೆಗೂ ಗೇರುಸೊಪ್ಪೆಗೂ ನಡುವೆ, ಸಿಂಗಳೀಕದ ಅಭಯಾರಣ್ಯದ ಅಡಿಯಲ್ಲಿ ಸುರಂಗ. ಹವಾಮಾನ ಉಳಿಸೋಕೆ ಹಸಿರು ವಿದ್ಯುತ್ ಅಂತಾರೆ. ಯಾರ ನೆಲದ ಮೇಲೆ ಉಳಿಸೋದು ಅಂತ ಕೇಳೋದು ತಪ್ಪಾ?

ಕೊಪ್ಪದ ಕೃಷಿಕ

ಇದಕ್ಕೆ ನನ್ನ ಪೂರ್ತಿ ಬೆಂಬಲ. ಪಶ್ಚಿಮಘಟ್ಟ ಉಳಿಸೋ ಬಗ್ಗೆ ಗಾಡ್ಗೀಳ್ 2011, ಕಸ್ತೂರಿರಂಗನ್ 2013, ಎರಡು ವರದಿ ಹಿಡಿದು ರೈತನನ್ನ ಹೆದರಿಸಿದ್ರು. ದೊಡ್ಡ ಯೋಜನೆ ಅಂದ ಕೂಡಲೇ ಅದೇ ಕಾಡಲ್ಲಿ ಸುರಂಗಕ್ಕೆ ದಾರಿ.

ಮಳೆಲೆಕ್ಕ

ಎರಡೂ ಒಂದೇ ಅಲ್ಲ ಅಣ್ಣಾ. ಗಾಡ್ಗೀಳ್ ವರದಿ ತೀರ್ಮಾನ ಗ್ರಾಮಸಭೆಗೆ ಹೋಗಬೇಕು ಅಂತ ಹೇಳಿತ್ತು. ಓದದೆ ಸುಟ್ಟವರು ಬಹಳ.

ಕೊಪ್ಪದ ಕೃಷಿಕ

ಗ್ರಾಮಸಭೆ ನಡೆಯೋ ರೀತಿ ನೋಡಿದವರಿಗೆ ಆ ಮಾತಿನ ಮೇಲೆ ನಂಬಿಕೆ ಬರಲ್ಲ.

ತುಮರಿ ಕಡೆಯವಳು

ಮುಳುಗಡೆ ಅಂದ ಕೂಡಲೇ ನೆನಪಾಯ್ತು. ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ 2025ರ ಜುಲೈ 14ಕ್ಕೆ ಆಯ್ತಲ್ಲ, ಅದಕ್ಕೆ ಮೊದಲು ಹೆರಿಗೆ ನೋವು ಬಂದ ಹೆಂಗಸು ಲಾಂಚಿಗೆ ಕಾಯಬೇಕಿತ್ತು. ರಾತ್ರಿ ಲಾಂಚ್ ಇಲ್ಲ, ಬೇಸಿಗೆಯಲ್ಲಿ ನೀರಿಳಿದ್ರೆ ದಡಕ್ಕೆ ಲಾಂಚೇ ಬರಲ್ಲ. ಒಂದು ಸೇತುವೆಗೆ ಅರವತ್ತು ವರ್ಷ. ನನ್ನ ಅಮ್ಮ ಆ ಭಯದಲ್ಲೇ ನನ್ನ ಹೆತ್ತದ್ದು.

ಗುಡ್ಡೆತೋಟ

ಎಲ್ಲರಿಗೂ ಧನ್ಯವಾದ. ತುಮರಿಯವರ ಮಾತು ಓದಿ ಹೊಟ್ಟೆಗೆ ಸಂಕಟ ಆಯ್ತು.

ವಕೀಲೆ ಮೇಡಂ, ಅಮ್ಮ ಇದಾರೆ. ಅಪ್ಪನ ಜಮೀನು ಗೇಣಿದಾರರಾಗಿ ಡಿಕ್ಲರೇಷನ್ (ಅರ್ಜಿ) ಹಾಕಿ ಬಂದದ್ದು, 1974ರ ಭೂಸುಧಾರಣೆಯಲ್ಲಿ. ಅದು ಪಿತ್ರಾರ್ಜಿತ ಅಲ್ಲ, ಅಪ್ಪನ ಸ್ವಂತದ್ದು, ಹಾಗಾಗಿ ಹೆಣ್ಣುಮಕ್ಕಳಿಗೆ ಪಾಲಿಲ್ಲ ಅಂತ ದೊಡ್ಡಣ್ಣನಿಗೆ ಯಾರೋ ಹೇಳಿದಾರಂತೆ. ನಿಜವಾ?

ಸಾಗರದ ವಕೀಲೆ

ಪೂರಾ ಸುಳ್ಳು. ಅಪ್ಪನ ಸ್ವಂತದ್ದೇ ಅಂತ ಇಟ್ಟುಕೊಂಡ್ರೂ, ವಿಲ್ ಬರೆಯದೆ ತೀರಿಕೊಂಡಿದ್ರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಇದು 1956ರ ಕಾಯ್ದೆಯಲ್ಲೇ ಇದೆ, ಹೊಸದೇನಲ್ಲ. ಗೇಣಿ ಅಜ್ಜನ ಕಾಲದಿಂದ ಮನೆತನದ್ದಾಗಿದ್ರೆ ಜಮೀನೂ ಮನೆತನದ್ದೇ ಅಂತ ವಾದಿಸೋಕೆ ಬರುತ್ತೆ. ಯಾವ ದಾರಿಯಲ್ಲಿ ಹೋದ್ರೂ ಅಮ್ಮ, ನೀವು, ಅತ್ತಿಗೆ ಮೂವರೂ ಒಳಗಿದೀರಿ.

ಡಿಕ್ಲರೇಷನ್ ವಿಷಯಕ್ಕೆ ಒಂದು ಮಾತು. ಕಾಗೋಡು ಸತ್ಯಾಗ್ರಹ 1951ರಲ್ಲಿ ಆದದ್ದು ನಮ್ಮ ಸಾಗರ ತಾಲೂಕಲ್ಲೇ. ಗೇಣಿದಾರರು ಅನುಭವಿಸಿದ್ದಕ್ಕೆ ಕೊನೆಗೆ ಉಳುವವನೇ ಒಡೆಯ ಅಂತ ಕಾನೂನು ಬಂತು. ಅದೊಂದು ದೊಡ್ಡ ನ್ಯಾಯ, ಅನುಮಾನವೇ ಇಲ್ಲ. ಆದ್ರೆ ಅರ್ಜಿ ಹಾಕಿದ್ದು ಮನೆಯ ಯಜಮಾನ, ಹಕ್ಕು ಬಂದದ್ದು ಅವನ ಹೆಸರಿಗೆ. ಸಸಿ ನೆಟ್ಟವಳ, ಕಳೆ ತೆಗೆದವಳ ಹೆಸರು ಬರೆಯೋಕೆ ಅವತ್ತು ಯಾರಿಗೂ ತೋಚಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅದನ್ನ ಸರಿಮಾಡಿದಾರೆ: ಮದುವೆ ಆದವರಾಗಿದ್ರೆ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಜಂಟಿಯಾಗಿ ಇರಲೇಬೇಕು. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದು ಪಾಲು ಹೆಂಗಸರು ಇರಲೇಬೇಕು. ಮುಳುಗಡೆ ಮೊಮ್ಮಗ ಅವರೇ, ನಿಮ್ಮ ಅರ್ಜಿಯಲ್ಲಿ ಹೆಂಗಸರ ಹೆಸರು ಬರೆಸಿದೀರಾ?

ಮುಳುಗಡೆ ಮೊಮ್ಮಗ

ಅರ್ಜಿ ಅಪ್ಪನ ಹೆಸರಲ್ಲಿದೆ. ಅಮ್ಮನ ಹೆಸರು ಸೇರಿಸೋಕೆ ಈಗ ಬರುತ್ತಾ?

ಸಾಗರದ ವಕೀಲೆ

ಸಮಿತಿಗೆ ಲಿಖಿತವಾಗಿ ಕೊಡಿ, ನಕಲು ಇಟ್ಕೊಂಡು ಸ್ವೀಕೃತಿ ಸಹಿ ತಗೊಳ್ಳಿ. ಬಾಯಲ್ಲಿ ಹೇಳಿ ಬರಬೇಡಿ. ದರಗು, ಉಪ್ಪಾಗೆ, ಜೇನು ತರೋ ಹಕ್ಕಿಗೆ ಅದೇ ಕಾಯ್ದೆಯಲ್ಲಿ ಊರಿನ ಸಮುದಾಯದ ಅರ್ಜಿ ಹಾಕೋಕೂ ಬರುತ್ತೆ.

ಕೊಪ್ಪದ ಕೃಷಿಕ

ಕಾನೂನು ಒಪ್ಪಿದೆ ಮೇಡಂ. ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಜಂಟಿ ಖಾತೆಯಲ್ಲಿ ವಿಮೆ, ಸಾಲ ಹೇಗೆ? ಹಕ್ಕು ಕೊಡಿ ಅನ್ನೋರು ತೋಟ ನಡೆಸೋ ಕಷ್ಟವನ್ನೂ ನೋಡಬೇಕು.

ಮೆಣಸಿನಬಳ್ಳಿ

ನಾನು ಹೇಳ್ತೀನಿ. ನಮ್ಮಲ್ಲಿ ಅಕ್ಕಂದಿರಿಬ್ಬರೂ ಖಾತೆಯಲ್ಲಿದ್ರು. ಜಗಳ ಇಲ್ಲದೆ ಕೂತು ಮಾತಾಡಿದ್ವಿ. ಒಬ್ಬಳು ತನ್ನ ಪಾಲು ಹಣದ ರೂಪದಲ್ಲಿ ತಗೊಂಡು ಬಿಡುಗಡೆ ಪತ್ರ ಕೊಟ್ಟಳು, ಅದೂ ಪುಕ್ಕಟೆ ಅಲ್ಲ. ಇನ್ನೊಬ್ಬಳು ಒಂದು ಎಕರೆ ಉಳಿಸಿಕೊಂಡಳು, ಪ್ರತ್ಯೇಕ ಪಹಣಿ ಆಯ್ತು. ಜಂಟಿ ಖಾತೆಯ ತೊಂದರೆಗೆ ಪರಿಹಾರ ಪಾಲುಪತ್ರ. ತಂಗಿಯ ಹೆಸರು ಹೊಡೆದು ಹಾಕೋದು ಅಲ್ಲ.

ಕೊಪ್ಪದ ಕೃಷಿಕ

ಹಣ ಕೊಟ್ಟು ಬಿಡಿಸಿಕೊಳ್ಳೋ ಶಕ್ತಿ ಎಲ್ಲರಿಗೂ ಇರಲ್ಲ. ಎಲೆಚುಕ್ಕೆ ಬಂದ ತೋಟದಲ್ಲಿ ಸಾಲದ ಕಂತಿಗೇ ಸಾಲದು. ಆದ್ರೆ ನೀವು ಹೇಳಿದ್ದು ನ್ಯಾಯ ಅಂತ ಒಪ್ತೀನಿ. ನನ್ನ ಮಗಳ ಹೆಸರಿಗೆ ಏನು ಮಾಡಬೇಕು ಅಂತ ಮನೇಲಿ ಮಾತು ಶುರುವಾಗಿದೆ.

ಬೆಂಗಳೂರಲ್ಲಿರೋ ಮಲೆನಾಡಿಗ

2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯೋದು ಸಂವಿಧಾನದ 14 ಮತ್ತು 21ನೇ ವಿಧಿಯೊಳಗಿನ ಹಕ್ಕು ಅಂತ ಹೇಳಿದೆ. ರಾಜಸ್ಥಾನ, ಗುಜರಾತಿನ ಎರ್ಲಡ್ಡು ಹಕ್ಕಿಯ ಪ್ರಕರಣ ಅದು. ಅದನ್ನ ಹಿಡಿದು ಪರಿಹಾರ ಕೇಳಬಹುದಾ ಮೇಡಂ?

ಸಾಗರದ ವಕೀಲೆ

ಹಕ್ಕು ಇದೆ ಅಂದಿದೆ, ಮಲೆನಾಡಿನ ತೋಟಕ್ಕೆ ಅದರಿಂದ ಇಷ್ಟು ಹಣ ಅಂತ ಹೇಳಿಲ್ಲ. ಅರ್ಜಿಯಲ್ಲಿ ಉಲ್ಲೇಖಿಸಿ, ಬಲ ಬರುತ್ತೆ. ಸದ್ಯ ಕೈಗೆ ಸಿಗೋದು ವಿಪತ್ತು ಪರಿಹಾರದ ನಿಯಮ. ಕೇಂದ್ರದ 2022-26ರ ಪಟ್ಟಿಯಲ್ಲಿ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಎರಡು ಹೆಕ್ಟೇರಿನ ಮಿತಿ ಇತ್ತು. ಗುಡ್ಡ ಕುಸಿದು ಜಮೀನೇ ಹೋದ್ರೆ ಸಣ್ಣ, ಅತಿ ಸಣ್ಣ ರೈತರಿಗೆ ಹೆಕ್ಟೇರಿಗೆ 47,000 ಇತ್ತು. ಅದಕ್ಕೊಂದು ಷರತ್ತು, ಕಂದಾಯ ದಾಖಲೆಯಲ್ಲಿ ಒಡೆತನ ಸಾಬೀತಾಗಬೇಕು. ಅತ್ತಿಗೆ ಎಡವಿದ್ದು ಇದೇ ಷರತ್ತಿಗೆ. ಗೇಯುವವರು ಯಾರು ಅಂತ ಊರವರ ಮಹಜರಿನ ಮೇಲೆ ಪರಿಹಾರ ಕೊಡೋ ಹಾಗೆ ನಿಯಮ ಬದಲಾಗಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಪಂಚಾಯ್ತಿ ಸದಸ್ಯೆ

ಈ ಚರ್ಚೆ ಓದ್ತಾ ಇದ್ದೆ. ಗ್ರಾಮಸಭೆ ಮೇಲೆ ನಂಬಿಕೆ ಇಲ್ಲ ಅಂದ್ರಿ, ಕಾರಣ ಗೊತ್ತಿದೆ. ಪಂಚಾಯ್ತಿಯಲ್ಲಿ ಅರ್ಧ ಸೀಟು ಹೆಂಗಸರಿಗೆ ಅಂತ 2010ರಿಂದ ಇದೆ. ನಾನು ಗೆದ್ದ ಹೊಸದರಲ್ಲಿ ಸಭೆಗೆ ನನ್ನ ಗಂಡನಿಗೆ ಫೋನ್ ಬರ್ತಿತ್ತು, ನನಗಲ್ಲ. ನಾನೇ ಹೋಗಿ ಕುರ್ಚಿಯಲ್ಲಿ ಕೂತ ಮೇಲೆ ನಿಂತಿತು. ಸಾಮಾನ್ಯ ಗ್ರಾಮಸಭೆಗೆ ಮೊದಲು ಮಹಿಳಾ ಗ್ರಾಮಸಭೆ ಪ್ರತ್ಯೇಕ ಮಾಡಬೇಕು ಅಂತ ಇದೆ. ಹೆಚ್ಚಿನ ಕಡೆ ಕಾಗದದಲ್ಲೇ ಮಾಡಿ ಮುಗಿಸ್ತಾರೆ. ನಮ್ಮಲ್ಲಿ ಈ ಸಲ ನಿಜವಾಗಿ ಮಾಡ್ತೀವಿ. ಏನೇನು ಇಡಬೇಕು ಹೇಳಿ, ನಡಾವಳಿಯಲ್ಲಿ ಬರೆಸೋ ಜವಾಬ್ದಾರಿ ನಂದು.

ಆಶಾ ಅಕ್ಕ

ಡೆಪಾ ಎಣ್ಣೆ ನವೆಂಬರಲ್ಲೇ ಮನೆ ಮನೆಗೆ ಬರಲಿ. ಕಾಯಿಲೆ ಶುರುವಾದ ಮೇಲೆ ತಂದ್ರೆ ಉಪಯೋಗ ಇಲ್ಲ.

ತುಮರಿ ಕಡೆಯವಳು

ಕುಡಿಯೋ ನೀರು. ಮಾರ್ಚಿಗೇ ಅಬ್ಬಿ (ಗುಡ್ಡದಿಂದ ಹರಿದು ಬರೋ ನೀರು) ಬತ್ತುತ್ತೆ. ನಲ್ಲಿ ಹಾಕಿದಾರೆ, ನೀರಿನ ಮೂಲ ಇಲ್ಲ. ಕೊಡ ಹಿಡಿದು ಹೋಗೋದು ಹೆಣ್ಣುಮಕ್ಕಳೇ.

ಸುಲಿಯೋರ ಮನೆ

ಫಸಲು ಹೋದ ವರ್ಷ ಸುಲಿಯೋರಿಗೆ, ಕೊನೆ ಹೆಕ್ಕೋರಿಗೆ ಪರಿಹಾರ. ಪಂಚಾಯ್ತಿಯಲ್ಲಿ ನಮ್ಮ ಪಟ್ಟಿಯೇ ಇಲ್ಲ, ಮೊದಲು ಪಟ್ಟಿ ಮಾಡ್ಸಿ. ಯಾರ ಮನೇಲಿ ಎಷ್ಟು ಜನ ಸುಲಿಯೋಕೆ ಹೋಗ್ತಾರೆ ಅಂತ ನಾನೇ ಬರೆದು ಕೊಡ್ತೀನಿ.

ಮಳೆಲೆಕ್ಕ

ಧರೆ ಕುಸಿಯೋ ಜಾಗದ ಪಟ್ಟಿಯನ್ನೂ ಮಾಡಿ. ಎಲ್ಲಿ ಒರತೆ ಹೊಸದಾಗಿ ಹುಟ್ಟಿದೆ, ಎಲ್ಲಿ ಬಿರುಕು ಬಿಟ್ಟಿದೆ ಅಂತ ದಿನಾ ಸೊಪ್ಪಿಗೆ ಹೋಗೋರಿಗೆ ಗೊತ್ತಿರುತ್ತೆ. ಇಷ್ಟು ವರ್ಷ ಯಾರೂ ಅವರನ್ನ ಕೇಳಿಲ್ಲ.

ಗುಡ್ಡೆತೋಟ

ಮಹಿಳಾ ಗ್ರಾಮಸಭೆಗೆ ಪೌತಿ ಖಾತೆ ಮಾಡೋರನ್ನೂ ಕರೆಸಿ, ಅರ್ಜಿ ಅಲ್ಲೇ ತಗೊಳ್ಳಲಿ. ಅತ್ತಿಗೆಯಂಥವರು ಆಫೀಸಿಗೆ ಹೋಗಿ ಬರೋದು ಅಂದ್ರೆ ಒಂದು ದಿನದ ಕೆಲಸ ಹಾಳು. ದೊಡ್ಡಣ್ಣನ ಹತ್ತಿರ ನಿನ್ನೆ ಮಾತಾಡಿದೆ, ಸೈನ್ ಹಾಕಲ್ಲ ಅಂತ ನೇರ ಹೇಳಿದೆ. ಸಿಟ್ಟು ಮಾಡ್ಕೊಂಡು ಎದ್ದು ಹೋದ. ಅಮ್ಮ ನಮ್ಮ ಕಡೆ ಇದಾರೆ.

ಪಂಚಾಯ್ತಿ ಸದಸ್ಯೆ

ಎಲ್ಲಾ ಬರ್ಕೊಂಡೆ. ಬೇರೆ ಪಂಚಾಯ್ತಿಯವರು ನಿಮ್ಮ ಸದಸ್ಯರಿಗೆ ಇದೇ ಪಟ್ಟಿ ಕೊಡಿ. ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಇಡಲಾ?

ಸುಲಿಯೋರ ಮನೆ

ಹನ್ನೊಂದಕ್ಕೆ ಇಟ್ರೆ ಕೂಲಿಯವರು ಒಬ್ಬರೂ ಬರಲ್ಲ. ಸಂಜೆ ಐದೂವರೆ ಮೇಲೆ ಇಡಿ, ಶಾಲೆ ಹತ್ತಿರ. ನಮ್ಮ ಕೇರಿಯವರನ್ನ ನಾನು ಕರ್ಕೊಂಡು ಬರ್ತೀನಿ.